ಮದುವೆ ವೈರಿನ ರೇಡಿಯೋ

ವೈರ್ ಸುಟ್ಟ ವಾಸನೆ ಬಂದರೆ ಎಲ್ಲರೂ ಮೇನ್ ಸ್ವಿಚ್ಚಿನ ಕಡೆ ಓಡುತ್ತಾರೆ. ನನಗೆ ಮಾತ್ರ ಬಾಯಲ್ಲಿ ನೀರೂರುತ್ತದೆ. ಮೊನ್ನೆ ಮಾಲೂರಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಟೀ ಕಾಯಿಸುವ ಕೆಟಲಿನ ವೈರು ಸುಟ್ಟು ಹೊಗೆ ಬಂತು. ಗಣಿತದ ಮೇಡಂ ಕಿರುಚಿಕೊಂಡು ಹೊರಗೆ ಹೋದರು. ಹೆಡ್‌ಮಾಸ್ಟರು ಮೊದಲು ತಮ್ಮ ಮೊಬೈಲನ್ನೂ ಆಮೇಲೆ ನಮ್ಮನ್ನೂ ಕಾಪಾಡಿದರು. ನಾನು ಪ್ಲಗ್ ಕಿತ್ತು ಅಲ್ಲೇ ನಿಂತು, "ಈಗೊಂದು ಬಾದಾಮಿ ಮಾವಿನ ಹಣ್ಣಿದ್ದಿದ್ರೆ..." ಅಂದೆ. ಎಲ್ಲರೂ ನನ್ನ ಮುಖವನ್ನೇ ನೋಡಿದರು. ಅವರದೇನೂ ತಪ್ಪಿಲ್ಲ. ಅವರು ಯಾರೂ ಗೌನಿಪಲ್ಲಿಯಲ್ಲಿ, ನಮ್ಮ ಮಾವನ ಮನೆಯಲ್ಲಿ, ಒಂದು ಮಾವಿನ ಕಾಲ ಕಳೆದವರಲ್ಲ.

ನಾನು ಕನ್ನಡ ಮೇಷ್ಟ್ರು. ಟೇಕಲ್‌ನಲ್ಲಿ ಹಾಯಾಗಿದ್ದವನಿಗೆ ಆ ವರ್ಷ ಗೌನಿಪಲ್ಲಿಗೆ ವರ್ಗವಾಯಿತು. ಆಂಧ್ರದ ಗಡಿ ಅಲ್ಲಿಂದ ಕೂಗಳತೆ. ಮಕ್ಕಳು ಸಂಧಿ ಬಿಡಿಸುವುದನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಅದು ಕಷ್ಟವಾಗಿರಲಿಲ್ಲ. ಕಷ್ಟವೆಂದರೆ ಆ ಊರಿನಲ್ಲಿ ನನ್ನ ಹೆಂಡತಿ ಸವಿತಾಳ ತವರುಮನೆ ಇತ್ತು. ಬಾಡಿಗೆ ಮನೆ ನೋಡುತ್ತೇನೆ ಎಂದು ಹೇಳಿ ನೋಡಿದೆ.

"ಮಾವನ ಮನೆ ಇರೋ ಊರಲ್ಲಿ ಅಳಿಯ ಬಾಡಿಗೆ ಮನೇಲಿದ್ರೆ ಊರೋರು ನನ್ ಮುಖಕ್ಕೆ ಉಗೀತಾರೆ ಕಣಯ್ಯಾ. ಮಹಡಿ ಮೇಲೆ ರೂಮು ಖಾಲಿ ಐತೆ. ಬಾ," ಅಂದರು ಮಾವ. ಬಂದೆ. ನನಗೆ ಅವರು ಬರೀ ಹೆಣ್ಣು ಕೊಟ್ಟ ಮಾವನಲ್ಲ, ನನ್ನ ತಾಯಿಯ ಸ್ವಂತ ಅಣ್ಣ. ಹುಟ್ಟಿದಾಗಿನಿಂದ ಅವರಿಗೆ ಹೆದರಿ ಅಭ್ಯಾಸವಾಗಿತ್ತು, ಮದುವೆಯಾದ ಮೇಲೆ ಆ ಹೆದರಿಕೆಗೆ ಲಗ್ನಪತ್ರಿಕೆಯೂ ಸಿಕ್ಕಿತು.

ಮಾವ ನಿವೃತ್ತ ಲೈನ್‌ಮನ್. ಮೂರು ಹೋಬಳಿಯ ಕಂಬಗಳನ್ನು ಹತ್ತಿ ಇಳಿದವರು. ಸುತ್ತಮುತ್ತ ಯಾರ ಮನೆಯಲ್ಲಿ ಸ್ವಿಚ್ಚು ಹಾಕಬೇಕಾದರೂ, ಮೋಟರು ಏಳದಿದ್ದರೂ, ಕೊನೆಗೆ ಮಗಳ ಮದುವೆಗೆ ಮೈಕ್ ಸೆಟ್ಟು ತರಿಸಬೇಕಾದರೂ ಅವರನ್ನೇ ಕೇಳಬೇಕು. ಕೇಳದಿದ್ದರೂ ಅವರೇ ಹೇಳುತ್ತಿದ್ದರು. ಬೆಳಿಗ್ಗೆ ಕಾಫಿಗೆ ಕೂತರೆ ಮಾತು ಶುರು, ರಾತ್ರಿ ಮುದ್ದೆ ಮುಗಿಸಿ ಕೈ ತೊಳೆಯುವವರೆಗೆ ಮಾತು. ಆ ಮನೆಯಲ್ಲಿ ನನಗಿದ್ದ ಸಂಭಾಷಣೆ ಎರಡೇ, "ಹೂಂ" ಮತ್ತು "ಹೌದು ಮಾವ". ಪಾಠ ಹೇಳಿ ಹೊಟ್ಟೆ ಹೊರೆಯುವವನು ಮನೆಗೆ ಬಂದರೆ ಮೂಕಬಸವ.

ಇಂಥ ನನಗೆ ಹ್ಯಾಮ್ ರೇಡಿಯೋದ ಹುಚ್ಚು ಹಿಡಿದದ್ದು ತಮಾಷೆಯೇ ಸರಿ. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡು, ಸ್ವಂತ ರೇಡಿಯೋದಲ್ಲಿ ಊರಿಂದ ಊರಿಗೆ ಮಾತಾಡುವ ಹವ್ಯಾಸ ಅದು. ಟೇಕಲ್‌ನಲ್ಲಿದ್ದಾಗ ಪರೀಕ್ಷೆ ಪಾಸು ಮಾಡಿದ್ದೆ. ಗೌನಿಪಲ್ಲಿಗೆ ಬರುವಾಗ ಇಟ್ಟಿಗೆ ಗಾತ್ರದ ಒಂದು ರೇಡಿಯೋ ತಂದಿದ್ದೆ. ಪ್ರತಿ ಭಾನುವಾರ ಬೆಳಿಗ್ಗೆ ಕೋಲಾರದ ಒಬ್ಬ ಡಾಕ್ಟರಮ್ಮ ತಮ್ಮ ರೇಡಿಯೋದಲ್ಲಿ ಕೂತು ಹಾಜರಿ ತೆಗೆದುಕೊಳ್ಳುತ್ತಿದ್ದರು. ಕೋಲಾರ, ಮಾಲೂರು, ಬೈರಕೂರು, ಹೀಗೆ ಒಂದೊಂದು ಊರಿನ ಹೆಸರು ಕರೆಯುವುದು, ಅಲ್ಲಿಯವರು "ಇದ್ದೀವಿ ಮೇಡಂ" ಅನ್ನುವುದು. ಮಳೆಗಾಲಕ್ಕೆ ಮುಂಚೆ ಒಂದು ಅಣಕು ಕಾರ್ಯಾಚರಣೆಯನ್ನೂ ಇಟ್ಟುಕೊಂಡಿದ್ದರು. ಫೋನು ಕೈಕೊಟ್ಟರೆ ರೇಡಿಯೋದಲ್ಲೇ ಜಿಲ್ಲೆಯ ಮೂಲೆಮೂಲೆಗೆ ಸುದ್ದಿ ಮುಟ್ಟಿಸಬಹುದೇ ಎಂದು ನೋಡುವುದು. ಗಡಿಯ ಮೂಲೆಗೆ ಗೌನಿಪಲ್ಲಿ ಸ್ಟೇಷನ್, ಆ ಸ್ಟೇಷನ್ನಿಗೆ ನಾನು. ಜೀವನದಲ್ಲಿ ಮೊದಲ ಸಲ ಯಾರೋ ನನ್ನ ಮಾತಿಗೆ ಕಾಯುತ್ತಿದ್ದರು. ನನಗೆ ಅದು ಎಷ್ಟು ಸಂತೋಷವಾಗಿತ್ತೆಂದರೆ ಶಾಲೆಗೆ ನಡೆದು ಹೋಗುವಾಗ ಏನು ಮಾತಾಡಬೇಕೆಂದು ಬಾಯಿಪಾಠ ಮಾಡುತ್ತಿದ್ದೆ.

ರೇಡಿಯೋ ಹನ್ನೆರಡು ವೋಲ್ಟಿನದು, ಅದಕ್ಕೆ ಬ್ಯಾಟರಿ ಬೇಕು. ಮನೆಯ ಯುಪಿಎಸ್ ಬ್ಯಾಟರಿ ಕೆಳಗೆ ಮೆಟ್ಟಿಲ ಸಂದಿಯಲ್ಲಿತ್ತು. ನನ್ನ ರೂಮು ಮಹಡಿಯ ಮೇಲೆ. ಎರಡರ ನಡುವೆ ವೈರು ಎಳೆಯಬೇಕು. ವೈರಿನ ಮಾತು ಬಂದ ಮೇಲೆ ಮಾವ ಬಾರದೆ ಇರುತ್ತಾರೆಯೇ?

"ಎಷ್ಟು ವ್ಯಾಟಯ್ಯಾ ಇದು?"

"ಗಾಳಿಗೆ ಬಿಡೋದು ಐವತ್ತು, ಮಾವ. ಎಳೆಯೋದು ಜಾಸ್ತಿ, ಸ್ವಲ್ಪ ದಪ್ಪ ವೈರೇ ಬೇಕು."

"ಐವತ್ತಾ? ನಮ್ ಕೊಟ್ಟಿಗೆ ಬಲ್ಬೇ ಅರವತ್ತು. ಅದಕ್ಕೆ ಹಾಕಿರೋದು ದಾರದಂಥ ವೈರು. ನಿನ್ ಡಬ್ಬಕ್ಕೆ ಹೆಬ್ಬೆರಳು ಗಾತ್ರದ್ದು ಬೇಕಾ?"

"ವೋಲ್ಟ್ ಕಮ್ಮಿ ಆದ್ರೆ ಆಂಪ್ಸ್ ಜಾಸ್ತಿ ಆಗುತ್ತೆ ಮಾವ. ಮಾತಾಡುವಾಗ ಹನ್ನೆರಡು ಆಂಪ್ಸ್..."

ನನ್ನ ವಾಕ್ಯ ಅಲ್ಲಿಗೆ ನಿಂತಿತು. ಯಾಕೆಂದರೆ ಮಾವ ಎರಡೂ ಕೈ ಒದ್ದೆ ಮಾಡಿಕೊಂಡು ಬಂದು ಬ್ಯಾಟರಿಯ ಎರಡು ತಲೆಯನ್ನೂ ಹಿಡಿದುಕೊಂಡಿದ್ದರು. "ನೋಡು. ಶಾಕ್ ಹೊಡೀತಾ?"

"ಇಲ್ಲ ಮಾವ."

"ಶಾಕೇ ಹೊಡೀದಿರೋ ಕರೆಂಟು. ಇದಕ್ಕೆ ದಪ್ಪ ವೈರು ಬೇರೆ, ಫ್ಯೂಸು ಬೇರೆ. ಏಮೀ ಕಾದು, ಏನೂ ಆಗಲ್ಲ."

ಇದು ಅವರ ಜೀವಮಾನದ ತಕ್ಕಡಿ. ಕರೆಂಟಿನ ಅಪಾಯವನ್ನು ಅವರು ಅಳೆಯುತ್ತಿದ್ದದ್ದು ಅದು ಹೊಡೆಯುವ ಏಟಿನಿಂದ. ಹನ್ನೆರಡು ವೋಲ್ಟಿನ ಬ್ಯಾಟರಿ ಮನುಷ್ಯನಿಗೆ ಏನೂ ಮಾಡುವುದಿಲ್ಲ, ಆದರೆ ಅದರ ಎರಡು ತಂತಿ ಒಂದಕ್ಕೊಂದು ತಾಗಿದರೆ ವೈರನ್ನು ಕೆಂಪಗೆ ಕಾಯಿಸಿಬಿಡುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಮಾರ್ಕ್ಸೂ ಬಂದಿತ್ತು. ಆದರೆ ಮಾರ್ಕ್ಸ್ ಕೊಟ್ಟವರು ಮಾವನ ಎದುರು ನಿಂತು ನೋಡಿದವರಲ್ಲ. ನಾನು "ಹೌದು ಮಾವ" ಅಂದೆ.

ಆಮೇಲೆ ಮಾವ ಅಟ್ಟ ಹತ್ತಿ ಒಂದು ಸುರುಳಿ ಇಳಿಸಿದರು. ಅದನ್ನು ನೋಡಿ ನನ್ನ ಜೀವ ಹಾರಿತು. ನಮ್ಮ ಮದುವೆಗೆ ಚಪ್ಪರದ ತುಂಬಾ ಬಣ್ಣದ ಬಲ್ಬು ಹಾಕಲು ಮಾವ ಸ್ವತಃ ಕೊಂಡಿದ್ದ ವೈರು. ಬಲ್ಬು ಕಿತ್ತು, ವೈರನ್ನು ಒರೆಸಿ, ಸುತ್ತಿ, ಇಷ್ಟು ವರ್ಷ ಇಟ್ಟಿದ್ದರು.

"ನಿಮ್ ಮದುವೆ ವೈರು. ಶುಭ," ಅಂದರು.

ಅತ್ತೆ ಅಡುಗೆಮನೆಯಿಂದ ಬಂದು ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. "ಚಪ್ಪರ ಎಷ್ಟು ಜಗಮಗ ಅಂತಿತ್ತು ಅಲ್ವೇನೇ ಸವಿತಾ," ಅಂದರು. ಈ ವೈರು ಬೇಡ ಎಂದರೆ ಮದುವೆಯೇ ಬೇಡವಾಗಿತ್ತು ಎಂದಂತೆ. ನಾನು ಬಾಯಿ ಮುಚ್ಚಿಕೊಂಡೆ. ಮಾವ ಬ್ಯಾಟರಿ ತಲೆಗೆ ವೈರು ಸುತ್ತಿ, ಮೆಟ್ಟಿಲ ಪಕ್ಕದಲ್ಲಿ ಕ್ಲಿಪ್ ಹೊಡೆದು, ನೂಲು ಹಿಡಿದ ಹಾಗೆ ನೇರವಾಗಿ ಮೇಲಕ್ಕೆ ತಂದರು. ಕೆಲಸ ನೋಡಿದರೆ ಕೈ ಮುಗಿಯಬೇಕು, ಅಷ್ಟು ಚೊಕ್ಕಟ. "ಅಲ್ಲುಡಿಗೆ ಬೇಜಾರಾಗಬಾರದು" ಎಂದು, ಖುಷಿ ಬಂದಾಗ ಅಳಿಯನನ್ನು ತೆಲುಗಿನಲ್ಲಿ ಕರೆಯುವ ಹಾಗೆ ಕರೆದು, ಒಂದು ಪಿಂಗಾಣಿ ಫ್ಯೂಸನ್ನೂ ಹಾಕಿದರು. ಎಲ್ಲಿ? ಮೇಲೆ, ರೇಡಿಯೋ ಪಕ್ಕದಲ್ಲಿ, ಬಂದವರ ಕಣ್ಣಿಗೆ ಕಾಣುವ ಹಾಗೆ. ಫ್ಯೂಸು ಇರಬೇಕಾದದ್ದು ಕೆಳಗೆ, ಬ್ಯಾಟರಿಯಿಂದ ಒಂದು ಗೇಣಿನಲ್ಲಿ. ಆ ಕಡೆ ಇದ್ದರೆ ಇಡೀ ವೈರನ್ನು ಕಾಯುತ್ತದೆ, ಈ ಕಡೆ ಇದ್ದರೆ ಬರೀ ಗೋಡೆಗೆ ಅಲಂಕಾರ.

ಮೊದಲ ಭಾನುವಾರ ಮನೆಮಂದಿಯೆಲ್ಲ ಮಹಡಿಗೆ ಬಂದರು. ಅತ್ತೆ ಚಾಪೆ ಹಾಸಿಕೊಂಡು ಕೂತರು. ರೇಡಿಯೋ ಹಾಕಿದೆ. ಕೋಲಾರದ ಡಾಕ್ಟರಮ್ಮನ ದನಿ ಪಕ್ಕದ ಮನೆಯಿಂದ ಬಂದ ಹಾಗೆ ಕೇಳಿಸಿತು. ಮಾವ ಮೀಸೆ ಮೇಲೆ ಕೈ ಇಟ್ಟರು. "ಮಾಲೂರು?" ಇದ್ದೀವಿ. "ಬೈರಕೂರು?" ಇದ್ದೀವಿ. "ಗೌನಿಪಲ್ಲಿ?" ನಾನು ಮೈಕಿನ ಗುಂಡಿ ಒತ್ತಿದೆ. ರೇಡಿಯೋ ಆರಿಹೋಯಿತು. ಬಿಟ್ಟೆ. ಹತ್ತಿಕೊಂಡಿತು.

"ಗೌನಿಪಲ್ಲಿ?"

ಒತ್ತಿದೆ. ಆರಿತು. ಬಿಟ್ಟೆ. ಹತ್ತಿತು.

"ಗೌನಿಪಲ್ಲಿ ಇಲ್ಲ," ಅಂದು ಡಾಕ್ಟರಮ್ಮ ಮುಂದಿನ ಊರಿಗೆ ಹೋದರು.

ಕೇಳುವುದಕ್ಕೆ ರೇಡಿಯೋಗೆ ಒಂದು ಆಂಪ್ಸ್ ಕೂಡ ಬೇಡ, ಆ ತೆಳ್ಳನೆಯ ವೈರು ಸಾಕು. ಗುಂಡಿ ಒತ್ತಿದ ಕೂಡಲೇ ಅದು ಹನ್ನೆರಡು ಆಂಪ್ಸ್ ಕೇಳುತ್ತದೆ. ಅಷ್ಟು ಉದ್ದದ ದಾರದಂಥ ವೈರಿನಲ್ಲಿ ಅರ್ಧ ವೋಲ್ಟೇಜ್ ದಾರಿಯಲ್ಲೇ ಕರಗಿಹೋದರೆ ಅದು ಆರದೆ ಇನ್ನೇನು ಮಾಡುತ್ತದೆ?

ಸವಿತಾ ನನ್ನ ಕಿವಿಯ ಹತ್ತಿರ ಬಂದು, "ಎಲ್ಲಾ ಕೇಳಿಸುತ್ತೆ, ಬಾಯಿ ಮಾತ್ರ ಬಿಡೋಕಾಗಲ್ಲ. ಥೇಟ್ ನಿಮ್ ಹಾಗೇನೇ ರೀ," ಅಂದಳು. ಕಟ್ಟಿಕೊಂಡ ಹೆಂಡತಿ.

ಮಾವನಿಗೆ ಮಾತ್ರ ಬೇರೆಯೇ ಉರಿ. "ಗೌನಿಪಲ್ಲಿ ಇಲ್ವಂತಾ? ಇಷ್ಟು ಜನ ಕೂತಿದ್ದೀವಲ್ಲ ಇಲ್ಲಿ. ಬೈರಕೂರು ಐತಂತೆ, ನಾವಿಲ್ವಂತೆ." ಅವರ ಪ್ರಕಾರ ದೋಷ ರೇಡಿಯೋದ್ದು, ಇಲ್ಲವೇ ಮಹಡಿ ಮೇಲೆ ನಾನು ಕಟ್ಟಿದ್ದ ಏರಿಯಲ್ ಕೋಲಿನದು, ಇಲ್ಲವೇ ಆ ಡಾಕ್ಟರಮ್ಮನದು. ಫ್ಯೂಸಿಗೆ ಇನ್ನೊಂದು ಎಳೆ ತಂತಿ ಸೇರಿಸಿ "ಗಟ್ಟಿ ಇರಲಿ" ಅಂದರು. ಮುಂದಿನ ಭಾನುವಾರವೂ ಗೌನಿಪಲ್ಲಿ ಇಲ್ಲ. ಇನ್ನೂ ಒಂದು ಎಳೆ ಬಿತ್ತು. ಅದರ ಮುಂದಿನ ಭಾನುವಾರವೂ ಇಲ್ಲ. ಬೀದಿಯಲ್ಲಿ ಜನ ಕೇಳತೊಡಗಿದರು, "ಏನ್ ಮೇಷ್ಟ್ರೇ, ಈ ವಾರನಾದ್ರೂ ನಮ್ಮೂರು ಐತಾ?"

ಡಾಕ್ಟರಮ್ಮ ಫೋನ್ ಮಾಡಿದರು. ಬಹಳ ಮೆದುವಾಗಿ ಹೇಳಿದರು, "ಮೇಷ್ಟ್ರೇ, ಕಾರ್ಯಾಚರಣೆಗೆ ಇನ್ನೊಂದೇ ಭಾನುವಾರ ಮಧ್ಯೆ ಇರೋದು. ನಿಮಗೆ ಕಷ್ಟ ಆದ್ರೆ ಬೈರಕೂರಿನವರೇ ಆ ಮೂಲೆ ನೋಡ್ಕೊಳ್ತೀವಿ ಅಂತಿದ್ದಾರೆ." ನಾನು ಫೋನಿನಲ್ಲೂ "ಹೂಂ" ಅಂದೆ. ಆ ಸಂಜೆ ನನಗೆ ನಿಜವಾಗಿ ಅಳು ಬಂತು. ಒಂದು ಫ್ಯೂಸು, ಒಂದಷ್ಟು ದಪ್ಪ ವೈರು. ಅಂಗಡಿಯಲ್ಲಿ ಸಿಗುತ್ತದೆ. ತರುವುದಕ್ಕೆ ಮೊದಲು ಒಂದು ವಾಕ್ಯ ಮಾತ್ರ ಪೂರ್ತಿ ಹೇಳಬೇಕು, ಅದು ನನ್ನಿಂದ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಮಾವಿನ ತೋಟದ ಕೊಯ್ಲು ಜೋರಾಯಿತು. ಮೋಡ ದಿನಾ ನಮ್ಮ ತಲೆ ಮೇಲೆ ಬಂದು, ನೋಡಿ, ಆಂಧ್ರಕ್ಕೆ ಹೋಗಿ ಸುರಿಯುತ್ತಿತ್ತು. ಮಳೆ ಬೀಳುವ ಮೊದಲು ಕಾಯಿ ಇಳಿಸಬೇಕೆಂದು ಸಾದಿಕ್ ಭಾಯ್ ಒಂದೇ ಸಮನೆ ಅವಸರ ಮಾಡುತ್ತಿದ್ದರು. ಮಾವನ ತೋಟದ ಫಸಲನ್ನು ತಮ್ಮ ತಂದೆಯ ಕಾಲದಿಂದ ಗುತ್ತಿಗೆ ಹಿಡಿಯುತ್ತಿದ್ದ ವ್ಯಾಪಾರಿ ಅವರು. ತೋತಾಪುರಿಯೆಲ್ಲ ಲಾರಿಗೆ ಹೋಗುತ್ತಿತ್ತು. ಮನೆಯವರಿಗೆಂದು ಬಿಟ್ಟ ಬಾದಾಮಿ ಕಾಯಿಯನ್ನು ಮೆಟ್ಟಿಲ ಸಂದಿಯಲ್ಲಿ ಹುಲ್ಲು ಹಾಸಿ ಹಣ್ಣಿಗೆ ಇಡುವುದು ವಾಡಿಕೆ. ಮೆಟ್ಟಿಲ ಸಂದಿ ಎಂದರೆ ಬ್ಯಾಟರಿ ಇದ್ದ ಜಾಗ. ಮದುವೆ ವೈರು ಈಗ ಹುಲ್ಲಿನ ಅಡಿಯಲ್ಲಿ ಮಲಗಿತ್ತು. ನಾನು ದಿನಾ ಮೆಟ್ಟಿಲು ಹತ್ತುವಾಗ ಅದನ್ನು ನೋಡುತ್ತಿದ್ದೆ, ಇಳಿಯುವಾಗ ನೋಡುತ್ತಿದ್ದೆ, ಸುಮ್ಮನೆ ಹೋಗುತ್ತಿದ್ದೆ.

ಆ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು ಊಟಕ್ಕೆ ಕೂತಿದ್ದೆ. ಸಾದಿಕ್ ಭಾಯ್ ಒಂದು ಮರದ ಪೆಟ್ಟಿಗೆ ಕಾಯಿ ಹೊತ್ತು ತಂದು ಸಂದಿಯಲ್ಲಿ ದೊಪ್ಪನೆ ಇಳಿಸಿದರು. ಪೆಟ್ಟಿಗೆಯ ತಳದಲ್ಲಿ ಎದ್ದಿದ್ದ ಒಂದು ಮೊಳೆ ಜೋಡಿ ವೈರಿನ ನಟ್ಟನಡುವೆ ಇಳಿದು ಎರಡು ತಂತಿಯನ್ನೂ ಒಂದು ಮಾಡಿತು. ಚಟಾರ್ ಎಂದು ಸದ್ದು. ನೋಡುನೋಡುತ್ತಿದ್ದಂತೆ ಹುಲ್ಲಿನ ಕೆಳಗಿನಿಂದ ಬಿಳಿ ಹೊಗೆ, ಆ ವಾಸನೆ. ವೈರು ಕೆಂಪಗೆ ಹೊಳೆಯುತ್ತಿತ್ತು. ಮೇಲೆ ಪಿಂಗಾಣಿ ಫ್ಯೂಸು ಮೂರೂ ಎಳೆ ಗಟ್ಟಿಯಾಗಿಟ್ಟುಕೊಂಡು ಕ್ಷೇಮವಾಗಿತ್ತು.

"ಅರೆ ಸಾಮಿ, ಆಗ್ ಲಗ್ ಗಯೀ, ಬೆಂಕಿ ಬೆಂಕಿ," ಅಂದರು ಸಾದಿಕ್ ಭಾಯ್.

ಮಾವ ಜಗಲಿಯಿಂದ ಬಂದರು. "ಗಾಬರಿ ಬೀಳಬೇಡಿ. ಹನ್ನೆರಡು ವೋಲ್ಟು, ಶಾಕ್ ಹೊಡೆಯಲ್ಲ. ಏಮೀ ಕಾದು," ಎನ್ನುತ್ತಾ ಆ ಕೆಂಪಗೆ ಕಾದ ವೈರಿಗೇ ಬರಿಗೈ ಚಾಚಿದರು.

ನನ್ನ ಗಂಟಲಿನಿಂದ ಅದು ಹೇಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. "ಬಾಯಿ ಮುಚ್ಕೊಂಡು ಹಿಂದಕ್ಕೆ ಹೋಗಿ ಮಾವ!"

ಮಾವ ನಿಂತುಬಿಟ್ಟರು. ಚಾಚಿದ ಕೈ ಹಾಗೇ ಗಾಳಿಯಲ್ಲಿತ್ತು. ನಾನು ಗೋಣಿಚೀಲ ಮಡಿಸಿ ಹಿಡಿದು ಬ್ಯಾಟರಿ ತಲೆಗೆ ಸುತ್ತಿದ್ದ ವೈರನ್ನು ಕಿತ್ತೆಸೆದೆ. ಸಾದಿಕ್ ಭಾಯ್ ಇನ್ನೊಂದು ಗೋಣಿಚೀಲವನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತಂದು ಹುಲ್ಲಿನ ಮೇಲೆ ಹಾಕಿದರು. ಹೊಗೆ ನಿಂತಿತು. ನಷ್ಟವೆಂದರೆ ಒಂದು ಹೊರೆ ಹುಲ್ಲು, ಬೆಚ್ಚಗಾದ ಒಂದಷ್ಟು ಬಾದಾಮಿ, ಅರ್ಧ ಮದುವೆ ವೈರು. ಆಮೇಲೆ ಎಲ್ಲರೂ ನಾನು ಹೇಳಿದ್ದು ಏನೆಂದು ನೆನಪು ಮಾಡಿಕೊಂಡರು.

ಮಾವ ಜಗಲಿಗೆ ಹೋಗಿ ಕೂತರು. ಮಾತಿಲ್ಲ. ಮಧ್ಯಾಹ್ನದ ಕಾಫಿಗೆ ಮಾತಿಲ್ಲ, ರಾತ್ರಿಯ ಮುದ್ದೆಗೆ ಮಾತಿಲ್ಲ. ಅವರ ಬಾಯಿ ಮುಚ್ಚಿಸಿದ ಮೊದಲ ಮನುಷ್ಯ ನಾನೇ ಎಂದು ಅತ್ತೆ ನನ್ನನ್ನು ಕೋಪದಿಂದಲೂ ಸ್ವಲ್ಪ ಗೌರವದಿಂದಲೂ ನೋಡಿದರು. ಬೆಚ್ಚಗಾದ ಕಾಯಿಗಳು ಒಟ್ಟಿಗೇ ಹಣ್ಣಾಗಿಬಿಟ್ಟವು. ಅತ್ತೆ ಎಸೆಯುವ ಪೈಕಿ ಅಲ್ಲ. ತೊಳೆದು, ಸಿಪ್ಪೆ ದಪ್ಪಗೆ ತೆಗೆದು, ಹೊತ್ತು ಹೊತ್ತಿಗೂ ತಟ್ಟೆಗೆ ಹಾಕಿದರು. ಮನೆಯಲ್ಲಿ ಸುಟ್ಟ ವೈರಿನ ವಾಸನೆ ಇನ್ನೂ ಹೋಗಿರಲಿಲ್ಲ. ಆ ವಾಸನೆಯಲ್ಲಿ, ಆ ಮೌನದಲ್ಲಿ ಕೂತು ನಾವೆಲ್ಲ ಮುಂಗೈಗೆ ರಸ ಇಳಿಸಿಕೊಂಡು ತಿಂದೆವು. ಅಷ್ಟು ರುಚಿಯ ಹಣ್ಣನ್ನು ನಾನು ಮತ್ತೆ ತಿಂದಿಲ್ಲ. ಭಾನುವಾರ ಬಂತು, ಹೋಯಿತು. ರೇಡಿಯೋಗೆ ವೈರೇ ಇರಲಿಲ್ಲ. ಗೌನಿಪಲ್ಲಿ ಇಲ್ಲ ಎಂದದ್ದನ್ನು ಕೇಳುವ ಭಾಗ್ಯವೂ ಇರಲಿಲ್ಲ.

ವಾರದ ಮಧ್ಯೆ ಒಂದು ಸಂಜೆ ಮಾವ ಜಗಲಿಯ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಸವಿತಾ ನಡುವೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಸವಿತಾ, ಎಷ್ಟು ದಪ್ಪ ವೈರು ಬೇಕಂತೆ ಕೇಳು," ಅಂದರು ಮಾವ.

"ರೀ, ಎಷ್ಟು ದಪ್ಪ ಬೇಕಂತೆ."

"ಎಷ್ಟು ದೂರ ಹೋಗಬೇಕು ಅನ್ನೋದರ ಮೇಲೆ ಅನ್ನು."

"ಅಪ್ಪಾ, ದೂರದ ಮೇಲಂತೆ."

"ಫ್ಯೂಸ್ ಮೂವತ್ತು ಆಂಪ್ಸ್ ಹಾಕೋಣ, ಗಟ್ಟಿ ಇರಲಿ ಅಂತ ಹೇಳು."

"ಹದಿನೈದು ಸಾಕು ಅನ್ನು. ವೈರ್ ತಡೆಯೋದಕ್ಕಿಂತ ಫ್ಯೂಸು ಮೊದಲು ಹೋಗಬೇಕು. ಫ್ಯೂಸ್ ಇರೋದು ವೈರ್ ಉಳಿಸೋಕೆ ಅನ್ನು."

ದೂರದ ಎರಡು ಸ್ಟೇಷನ್ನುಗಳ ನಡುವೆ ಗುಡ್ಡದ ಮೇಲೆ ನಿಂತು ಮಾತು ದಾಟಿಸುವ ಯಂತ್ರಕ್ಕೆ ನಮ್ಮ ಹ್ಯಾಮ್ ಭಾಷೆಯಲ್ಲಿ ರಿಪೀಟರ್ ಎನ್ನುತ್ತಾರೆ. ನಮ್ಮ ರಿಪೀಟರು ಬೆಳ್ಳುಳ್ಳಿಯ ಮೊರ ಎತ್ತಿಕೊಂಡು ಎದ್ದಿತು. "ನಂಗೆ ಒಲೆ ಮೇಲೆ ಸಾರಿದೆ. ನೀವಿಬ್ರೇ ಮಾತಾಡ್ಕೊಳ್ಳಿ," ಎಂದು ಒಳಗೆ ಹೋಯಿತು.

ಜಗಲಿಯಲ್ಲಿ ನಾವಿಬ್ಬರೇ ಉಳಿದೆವು. ಹಿಂದೆ ಎಲ್ಲಿ ವಾಕ್ಯ ನಿಂತಿತ್ತೋ ಅಲ್ಲಿಂದ ಶುರುಮಾಡಿದರೆ ಮತ್ತೆ ಒದ್ದೆ ಕೈಗೆ ಬರುತ್ತೇವೆ ಎಂದು ಬೇರೆ ಕಡೆಯಿಂದ ಬಂದೆ. "ಮಾವ, ನಿಮ್ಮ ಸರ್ವೀಸಲ್ಲಿ ಲೈನಿನ ಕೊನೇ ಮನೆಯೋರು ಏನಂತ ಕಂಪ್ಲೇಂಟ್ ಕೊಡ್ತಿದ್ರು?"

"ಇನ್ನೇನ್ ಕೊಡ್ತಾರೆ. ಬಲ್ಬು ಮಿಣಮಿಣ ಅನ್ನುತ್ತೆ, ಮೋಟರ್ ಏಳಲ್ಲ ಅಂತ."

"ಯಾಕೆ ಏಳ್ತಿರಲಿಲ್ಲ?"

"ಟ್ರಾನ್ಸ್‌ಫಾರ್ಮರ್ ದೂರ. ಲೈನು ಸಣ್ಣದು. ಬಲ್ಬಿಗೇನೋ ಸಾಕು, ಮೋಟರು ಹಾಕಿದ ತಕ್ಷಣ ವೋಲ್ಟೇಜ್ ಬಿದ್ದೋಗ್ತದೆ, ಮೋಟರು..." ಮಾವ ಅಲ್ಲಿಗೆ ನಿಂತರು. ಮಹಡಿಯ ಕಡೆ ನೋಡಿದರು. ಮೆಟ್ಟಿಲ ಸಂದಿಯ ಕಡೆ ನೋಡಿದರು.

"ನಾನೇ ಕೊನೇ ಮನೆ, ಮಾವ," ಅಂದೆ.

ಮಾವ ಹೆಗಲ ಮೇಲಿನ ಟವಲು ತೆಗೆದು ಒಮ್ಮೆ ಕೊಡವಿದರು. ಆಮೇಲೆ, "ಅದನ್ನ ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ?" ಅಂದರು. ಪ್ರೀತಿಯಿಂದ ಬೈದರೆ ಮಾತ್ರ ಅವರ ಬಾಯಲ್ಲಿ ಆ ಪದ ಬರುತ್ತಿತ್ತು.

"ಅವತ್ತು ನಾನು ಅಂದಿದ್ದು... ತಪ್ಪಾಯ್ತು ಮಾವ."

"ಬಿಡು. ಆ ಗಂಟಲಿಗೆ ರೇಡಿಯೋನೇ ಬೇಕಿರಲಿಲ್ಲ, ಹಾಗೇ ಕೋಲಾರಕ್ಕೆ ಕೇಳಿರ್ತದೆ."

ಮಾರನೆಯ ದಿನ ಅವರೇ ಶ್ರೀನಿವಾಸಪುರಕ್ಕೆ ಹೋಗಿ ವೈರು, ಫ್ಯೂಸು ತಂದರು. ಅಷ್ಟು ದೂರಕ್ಕೆ ದಪ್ಪ ವೈರು ಎಳೆಯುವುದಕ್ಕಿಂತ ಟ್ರಾನ್ಸ್‌ಫಾರ್ಮರನ್ನೇ ಕೊನೇ ಮನೆಗೆ ತರುವುದು ಸುಲಭ ಎಂದು ತೀರ್ಮಾನಿಸಿದವರೂ ಅವರೇ. ಸಾದಿಕ್ ಭಾಯ್ ಮತ್ತು ಅವರ ಆಳುಗಳು ಆ ಭಾರದ ಬ್ಯಾಟರಿಯನ್ನು ಬಿಸ್ಮಿಲ್ಲಾ ಎಂದು ಎತ್ತಿ, ಮಾವನ ಗೋವಿಂದನ ಕೂಗಿನೊಂದಿಗೆ ಮಹಡಿಗೆ ಏರಿಸಿದರು. ಯುಪಿಎಸ್ಸೂ ಅದರ ಹಿಂದೆ ಏರಿತು. ರೂಮಿನ ಹೊರಗೆ ತಗಡಿನ ನೆರಳಿನಲ್ಲಿ ಬ್ಯಾಟರಿ ಕೂತಿತು. ಕಡ್ಡಿಯಂತೆ ನಿಲ್ಲುವ ದಪ್ಪ ವೈರು, ಕೆಂಪೊಂದು ಕಪ್ಪೊಂದು, ನಾಲ್ಕು ಮಾರು ಇಲ್ಲ. ಬ್ಯಾಟರಿಯಿಂದ ಗೇಣಿನಲ್ಲಿ ಎರಡಕ್ಕೂ ಹದಿನೈದು ಆಂಪ್ಸಿನ ಫ್ಯೂಸು. ಮಾವ ಗೇಣು ಹಾಕಿ ಹಾಕಿ ನೋಡಿದರು. ಪಿಂಗಾಣಿ ಫ್ಯೂಸನ್ನು ಮಾತ್ರ ಗೋಡೆಯಿಂದ ತೆಗೆಯಲಿಲ್ಲ. "ಇರಲಿ, ಚೆನ್ನಾಗಿ ಕಾಣ್ತದೆ," ಅಂದರು.

ಕಾರ್ಯಾಚರಣೆಯ ಬೆಳಿಗ್ಗೆ ಮಹಡಿ ತುಂಬಿತ್ತು. ಸಾದಿಕ್ ಭಾಯ್ ಲಾರಿ ನಿಲ್ಲಿಸಿ ಬಂದಿದ್ದರು. ಅತ್ತೆ ಒಲೆ ಬಿಟ್ಟು ಬರಲಾಗದೆ ಕೆಳಗಿನಿಂದಲೇ ಕಿವಿ ಕೊಟ್ಟಿದ್ದರು. ಮಾವ ನನ್ನ ಹಿಂದೆ, ನನ್ನ ಹೆಗಲ ಮೇಲೆ ಕೈ ಊರಿ ನಿಂತಿದ್ದರು.

"ಮಾಲೂರು?" ಇದ್ದೀವಿ. "ಬೈರಕೂರು?" ಇದ್ದೀವಿ. ಆಮೇಲೆ ಡಾಕ್ಟರಮ್ಮ ಒಂದು ಉಸಿರು ತೆಗೆದುಕೊಂಡದ್ದು ನಮಗೆ ಕೇಳಿಸಿತು. "ಗೌನಿಪಲ್ಲಿ?"

ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ಆರಲಿಲ್ಲ. ಆ ದೀಪವನ್ನೇ ನೋಡುತ್ತಾ ಕೂತೆ. ಇಷ್ಟು ವಾರ ಬಾಯಿಪಾಠ ಮಾಡಿದ್ದ ಒಂದು ಶಬ್ದವೂ ನೆನಪಾಗಲಿಲ್ಲ. ಹನ್ನೆರಡು ಆಂಪ್ಸ್ ಸುಮ್ಮನೆ ಗಾಳಿಗೆ ಹೋಗುತ್ತಿತ್ತು. ನಾನು ಮೈಕು ಹಿಡಿದುಕೊಂಡು, ಗುಂಡಿ ಬಿಡದೆ, ಕಲ್ಲಾಗಿ ಕೂತಿದ್ದೆ.

ಮಾವನಿಗೆ ತಡೆಯಲಾಗಲಿಲ್ಲ. "ಮಾತಾಡಯ್ಯಾ ಅಲ್ಲುಡೂ," ಅಂದರು, ಬೀದಿಯ ಕೊನೆಗೆ ಕೇಳುವ ಹಾಗೆ. "ಕರೆಂಟು ಸುಮ್ನೆ ಹೋಗ್ತಾ ಐತೆ. ಹೆದರಬೇಡ, ನಾನಿದ್ದೀನಿ. ಬಾಯಿ ಬಿಡು."

ಗಾಬರಿಯಿಂದ ಗುಂಡಿ ಬಿಟ್ಟೆ. ಮಾವನ ಮಾತು ಆಗಲೇ ಇಡೀ ಜಿಲ್ಲೆಯನ್ನು ಸುತ್ತಿ ಬಂದಿತ್ತು. ರೇಡಿಯೋದಲ್ಲಿ ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಆಮೇಲೆ ನಗು ತಡೆದುಕೊಂಡ ಡಾಕ್ಟರಮ್ಮನ ದನಿ ಬಂತು. "ಗೌನಿಪಲ್ಲಿ ಇದೆ. ಬಹಳ ಸ್ಪಷ್ಟವಾಗಿದೆ. ಲೈಸೆನ್ಸ್ ಇರೋರು ಮಾತ್ರ ಮಾತಾಡಬೇಕು. ಅಲ್ಲುಡು ಅವರೇ, ಹೇಳಿ."

ಮತ್ತೆ ಒತ್ತಿದೆ. "ಇದ್ದೀವಿ ಮೇಡಂ," ಅಂದೆ. ಅಲ್ಲಿಂದ ಶುರುವಾದ ಮಾತು ಸುದ್ದಿಯೆಲ್ಲ ದಾಟಿಸಿ ಮುಗಿಯುವವರೆಗೆ ನಿಲ್ಲಲಿಲ್ಲ. ಫ್ಯೂಸು ಹೋಗಲಿಲ್ಲ, ವೈರು ಬೆಚ್ಚಗೂ ಆಗಲಿಲ್ಲ. ಮಾವ ಮಧ್ಯೆ ಮಧ್ಯೆ ಅದನ್ನು ಮುಟ್ಟಿ ನೋಡುತ್ತಿದ್ದರು.

ಕೊನೆಗೆ ಕೆಳಗಿನಿಂದ ಅತ್ತೆ ಕೂಗಿದರು, "ಯಾರದು ಇಷ್ಟೊತ್ತು ಮಾತಾಡ್ತಿದ್ದಿದ್ದು?"

ಮಾವ ಮಹಡಿಯ ಅಂಚಿಗೆ ಹೋಗಿ ಬಗ್ಗಿದರು.

"ನಮ್ ಅಲ್ಲುಡು ಕಣೇ. ಮಾತಾಡು ಅಂತ ನಾನೇ ಹೇಳ್ದೆ."